ಹನ್ನೊಂದು ಪುಟದ ಟರ್ಕಿ

ಜನವರಿ 8

ಚೂಟಿ,

ನಿನ್ನ ಲಕೋಟೆ ಬಂತು. ವಿಮಾನದ ಟಿಕೆಟ್ ಒಂದು ಹಾಳೆ, ಬುದ್ಧಿವಾದ ಹನ್ನೊಂದು ಹಾಳೆ. ಟಿಕೆಟ್ ನೋಡಿ ಕಣ್ಣು ತುಂಬಿತು ಎಂದು ಬರೆಯಬೇಕೆಂದಿದ್ದೆ. ಉಳಿದ ಹಾಳೆ ಓದಿದ ಮೇಲೆ ಕಣ್ಣು ಕೆಂಪಾಗಿದೆ.

‘ಟರ್ಕಿಗೆ ಹೊರಡುವ ಮೊದಲು ತಿಳಿದಿರಬೇಕಾದದ್ದು’ ಎಂದು ತಲೆಬರಹ ಬೇರೆ, ಕೆಳಗೆ ಗೆರೆ ಎಳೆದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವರು ಕೊಡುವ ಮನೆಚಪ್ಪಲಿ ಹಾಕಿಕೊಳ್ಳಬೇಕು. ಸುಗಂಧದ ನೀರು ತಂದರೆ ಎರಡೂ ಅಂಗೈ ಒಡ್ಡಬೇಕು, ಕುಡಿಯಬಾರದು. ಕುಡಿಯಬಾರದು ಎಂದು ನನಗೆ ಬರೆದು ತಿಳಿಸಬೇಕೇ? ಚಹಾ ಸಾಕಾದರೆ ಚಮಚವನ್ನು ಲೋಟದ ಬಾಯಿಯ ಮೇಲೆ ಅಡ್ಡ ಇಡಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಹುಬ್ಬು ಮೇಲೆತ್ತಿದರೆ ‘ಇಲ್ಲ’ ಎಂದರ್ಥ. ಅವರನ್ನು ಅರಬರು ಎನ್ನಬಾರದು. ಜೋರಾಗಿ ಮಾತಾಡಬಾರದು.

ಈ ಕೊನೆಯದು ಟರ್ಕಿಯ ನಿಯಮವಲ್ಲ, ನನ್ನ ಮೇಲಿನ ದೂರು. ಇಪ್ಪತ್ತಾರು ವರ್ಷ ಬಸ್ಸಿನ ಸೀಟು ಹೊಲಿಯುವ ಶೆಡ್ಡಿನಲ್ಲಿ ಕೂತವಳು ನಾನು. ಹದಿನಾಲ್ಕು ಮಷೀನು ಒಟ್ಟಿಗೆ ರೆಕ್ಸಿನ್ ಕಚ್ಚುವ ಸದ್ದಿನಲ್ಲಿ ಕಿವಿ ಅರ್ಧ ಹೋಗಿದೆ. ಅದಕ್ಕೇ ನಾವಿಬ್ಬರೂ ಫೋನು ಬಿಟ್ಟು ಕಾಗದ ಬರೆಯುವುದು, ಅದಕ್ಕೇ ನನ್ನ ದನಿ ದೊಡ್ಡದು. ಇದು ನಿನಗೆ ಗೊತ್ತಿರುವ ವಿಷಯ.

ಎಲ್ಲಕ್ಕಿಂತ ಮೈ ಉರಿಸಿದ್ದು ಏಳನೆಯ ನಿಯಮ: ‘ಕುಟುಂಬದ ವಿಷಯ ಎತ್ತಬಾರದು. ಯಾರು ಯಾರಿಗೆ ಏನಾಗಬೇಕು ಎಂದು ಹೇಳುವುದೂ ಕೇಳುವುದೂ ಅಲ್ಲಿ ಅಸಭ್ಯ.’ ಮದುವೆಗೆ ಬಂದವಳು ಮತ್ತೇನು ಮಾತಾಡಲಿ, ಹವಾಮಾನವೇ?

ನನಗೆ ಬೇಕಾದದ್ದು ಒಂದೇ. ಜುಲೈಯಲ್ಲಿ ಅವರ ಊರಿನಲ್ಲಿ ನಿನ್ನ ಮದುವೆ ನಡೆಯುವಾಗ ಹುಡುಗಿಯ ತಾಯಿ ಎಂದು ನಿನ್ನ ಪಕ್ಕದಲ್ಲಿ ನಿಲ್ಲಬೇಕು. ಅದಕ್ಕೆ ಏನು ಕಲಿಯಬೇಕೋ ಕಲಿಯುತ್ತೇನೆ. ಆದರೆ ನಿನ್ನ ಹುಡುಗನಿಗೂ ಅವನ ಮನೆಯವರಿಗೂ ನನ್ನ ಬಗ್ಗೆ ಎಷ್ಟು ಹಾಳೆ ಕೊಟ್ಟಿದ್ದೀಯ? ಅದನ್ನು ತಿಳಿಸು.

ಅಮ್ಮ

*

ಜನವರಿ 27

ಅಮ್ಮ,

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓದಿದರೆ ಒಳ್ಳೆಯ ಮಾತೂ ಬೈಗುಳದಂತೆಯೇ ಕಾಣುತ್ತದೆ. ನಿನ್ನನ್ನು ಯಾರೂ ನೋಡಿ ನಗಬಾರದು ಎಂದು ನಾಲ್ಕು ಸಂಜೆ ಕೂತು ಬರೆದ ಹಾಳೆಗಳು ಅವು.

ಲ್ಯಾಬಿನಲ್ಲಿ ಕೆಲಸ ಕತ್ತಿನವರೆಗೆ ಇದೆ. ಡಾಕ್ಟರು ಕಳಿಸುವ ಹಲ್ಲಿನ ಅಚ್ಚನ್ನು ನಾನು ಸಿದ್ಧ ಮಾಡಿ ಕೊಡುತ್ತೇನೆ, ಪಕ್ಕದ ಮೇಜಿನಲ್ಲಿ ಅವನು ಅದರ ಮೇಲೆ ಪಿಂಗಾಣಿ ಕಟ್ಟುತ್ತಾನೆ. ಮೂರು ವರ್ಷ ಒಬ್ಬರ ಕೈಯಿಂದ ಒಬ್ಬರ ಕೈಗೆ ಹಲ್ಲು ದಾಟಿಸಿ ದಾಟಿಸಿ ಇಲ್ಲಿಗೆ ಬಂದು ನಿಂತಿದ್ದೇವೆ. ಹಳೇ ಕಟ್ಟಡಗಳ ಹುಚ್ಚು ಅವನಿಗೆ. ಇಸ್ತಾಂಬುಲಿನಲ್ಲಿ ನಿನಗೆ ಹಾಗಿಯಾ ಸೋಫಿಯಾ ತೋರಿಸುತ್ತಾನಂತೆ. ಚರ್ಚಾಗಿದ್ದದ್ದು ಮಸೀದಿಯಾಗಿ, ವಸ್ತುಸಂಗ್ರಹಾಲಯವಾಗಿ, ಮತ್ತೆ ಮಸೀದಿಯಾಗಿದೆ. ಅಲ್ಲಿ ಅಭಿಪ್ರಾಯ ಹೇಳಲು ಹೋಗಬೇಡ.

ಅವರ ಮನೆಯವರಿಗೆ ನಿನ್ನ ಬಗ್ಗೆ ಗೊತ್ತು. ನನ್ನನ್ನು ಸಾಕಿ ಬೆಳೆಸಿದವಳು ನೀನು ಎಂದು ಹೇಳಿದ್ದೇನೆ. ಅವನೊಬ್ಬನೇ ಕೆಲಸಕ್ಕೆಂದು ಟರ್ಕಿಯಿಂದ ಇಲ್ಲಿಗೆ ಬಂದವನು, ಅವನ ಅಪ್ಪ ಅಮ್ಮ ತಮ್ಮ ಊರು ಬಿಟ್ಟು ಹೊರಗೆ ಹೋದವರೇ ಅಲ್ಲ, ಬಹಳ ಸಾಧು ಜನ. ನಿನಗೆ ಭಾಷೆಯ ತೊಂದರೆಯೂ ಇಲ್ಲ, ನಾನೇ ಪಕ್ಕದಲ್ಲಿದ್ದು ಅವನ ಮೂಲಕ ಎರಡೂ ಕಡೆಯ ಮಾತು ದಾಟಿಸುತ್ತೇನೆ.

ನಾನಿರುವ ಮನೆಯ ಯಜಮಾನಿ ನನ್ನ ಕೋಣೆಗೆ ಹೊಸ ಪರದೆ ಹಾಕಿಸಿದ್ದಾರೆ. ಬೆಳಗಿನ ಬಿಸಿಲು ಈಗ ಕಣ್ಣಿಗೆ ಹೊಡೆಯುವುದಿಲ್ಲ.

ನಾನು ಕಳಿಸಿದ್ದನ್ನಷ್ಟೇ ಓದು. ಬೇರೆ ಪುಸ್ತಕ ಹುಡುಕಿ ತಲೆ ಕೆಡಿಸಿಕೊಳ್ಳಬೇಡ.

ಚೂಟಿ

*

ಫೆಬ್ರುವರಿ 15

ಚೂಟಿ,

ಓದಬೇಡ ಎಂದು ನೀನು ಬರೆದ ಕಾಗದ ಬಂದ ಮಾರನೇ ದಿನವೇ ಲೈಬ್ರರಿಗೆ ಹೋದೆ. ಅಲ್ಲಿದ್ದಾಕೆ ನನ್ನ ಕೈಯ ಅಂಟಿನ ಕಲೆ ನೋಡಿ, “ಹೊಲಿಗೆ ಪುಸ್ತಕ ಆ ಕೊನೇ ಕಪಾಟಲ್ಲಿದೆ” ಅಂದಳು. “ಹೊಲಿಗೆ ನಂಗೆ ಬರುತ್ತೆ. ಟರ್ಕಿ ಬರಲ್ಲ, ಅದನ್ನ ಕೊಡಿ” ಅಂದೆ. ಎರಡು ಪುಸ್ತಕ ಕೊಟ್ಟಳು. ಒಂದು ಚರಿತ್ರೆ, ದಿಂಬಿನಷ್ಟು ದಪ್ಪ. ಇನ್ನೊಂದು ಅಲ್ಲಿಗೆ ಮದುವೆಯಾಗಿ ಹೋದ ಹೆಂಗಸೊಬ್ಬಳು ಬರೆದದ್ದು. ಊಟದ ಬಿಡುವಿನಲ್ಲಿ ಫೋಮಿನ ರಾಶಿಯ ಮೇಲೆ ಕೂತು ಎರಡೂ ಓದಿ ಮುಗಿಸಿದ್ದೇನೆ.

ನಿನ್ನ ಹನ್ನೊಂದು ಪುಟದಲ್ಲಿ ಮನೆಚಪ್ಪಲಿಗೆ ಅರ್ಧ ಪುಟ ಇದೆ. ಒಬ್ಬ ಸುಲ್ತಾನ ಪಟ್ಟಕ್ಕೆ ಬಂದವನೇ ತನ್ನ ಹತ್ತೊಂಬತ್ತು ತಮ್ಮಂದಿರನ್ನು ಕೊಲ್ಲಿಸಿದ ಎಂಬುದಕ್ಕೆ ಒಂದು ಸಾಲೂ ಇಲ್ಲ. ಕೆಲವರು ಹಾಲು ಕುಡಿಯುವ ಕೂಸುಗಳಂತೆ. ಓದಿ ನನಗೆ ಆ ದಿನ ಸೀಟಿನ ಅಂಚು ನೇರಕ್ಕೆ ಬರಲಿಲ್ಲ. ಮೇಸ್ತ್ರಿಗೆ ಹೇಳಿದರೆ, “ನಂಗೂ ಇಬ್ರು ತಮ್ಮಂದಿರಿದ್ದಾರೆ, ಆ ಪುಸ್ತಕ ಒಂದಿನ ಕೊಡಿ” ಅಂದ. ಅವನಿಗೆ ಎಲ್ಲದೂ ತಮಾಷೆ.

ಇನ್ನೊಂದು. ಒಂದು ಕಾನೂನು ತಂದು ಇಡೀ ದೇಶದ ಅಕ್ಷರವನ್ನೇ ಬದಲಿಸಿದರಂತೆ. ಹಳೆಯ ಅಕ್ಷರ ಬಲ್ಲವರು ಬೆಳಗಾಗುವುದರಲ್ಲಿ ಹೆಬ್ಬೆಟ್ಟಿನವರಾದರು. ಅಜ್ಜಿ ಬರೆದಿಟ್ಟ ಕಾಗದ ಮೊಮ್ಮಗಳಿಗೆ ಬರೀ ಗೀಟು. ಓದೇ ಬಾರದಿದ್ದ ಲಕ್ಷಾಂತರ ಜನ ಹೊಸ ಅಕ್ಷರದಲ್ಲಿ ಬೇಗ ಓದು ಕಲಿತರು ಎಂದೂ ಅದೇ ಪುಸ್ತಕ ಹೇಳುತ್ತದೆ. ಯಾರ ಪರವಾಗಿ ಸಿಟ್ಟಾಗಬೇಕೋ ತಿಳಿಯದೆ ಇಬ್ಬರ ಪರವಾಗಿಯೂ ಆದೆ. ಅರಮನೆಯಲ್ಲಿ ಸುಲ್ತಾನನ ಹೆಂಡತಿಯರಿಗಿಂತ ಅವನ ತಾಯಿಯ ಮಾತೇ ಮೇಲಂತೆ. ಇದೊಂದು ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಯಿತು.

ಈಗ ನಿನ್ನ ಏಳನೆಯ ನಿಯಮಕ್ಕೆ ಬರುತ್ತೇನೆ. ಅದು ಎರಡು ಪುಸ್ತಕದಲ್ಲೂ ಇಲ್ಲ. ಆ ಹೆಂಗಸು ಬರೆದಿರುವುದು ತದ್ವಿರುದ್ಧ. ಬಸ್ಸಿನಲ್ಲಿ ಪಕ್ಕ ಕೂತವರೂ ಐದು ನಿಮಿಷದಲ್ಲಿ ಯಾವೂರು, ಅಪ್ಪ ಏನು ಮಾಡುತ್ತಾರೆ, ಮಕ್ಕಳೆಷ್ಟು, ಇನ್ನೂ ಯಾಕಿಲ್ಲ ಎಂದೆಲ್ಲ ಕೇಳುತ್ತಾರಂತೆ. ಕೇಳದಿದ್ದರೇ ಬಿಗುಮಾನ ಎನ್ನುತ್ತಾರಂತೆ. ಹಾಗಾದರೆ ನನ್ನ ಬಾಯಿಗೆ ಬೀಗ ಹಾಕುವ ಈ ನಿಯಮ ನಿನಗೆ ಎಲ್ಲಿ ಸಿಕ್ಕಿತು?

ಇನ್ನೂ ದೊಡ್ಡದಿದೆ. ಅಲ್ಲಿ ಮದುವೆಗೆ ಮೊದಲು ಹುಡುಗನ ಹಿರಿಯರು ಹೂವು, ಚಾಕೊಲೇಟು ಹಿಡಿದು ಹುಡುಗಿಯ ಮನೆಗೆ ಬಂದು, ಕೂತು, ಬಾಯಿಬಿಟ್ಟು ಹುಡುಗಿಯನ್ನು ಕೇಳಬೇಕು. ಕೇಳದೆ ಮದುವೆ ಇಲ್ಲ. ಹಾಗಿದ್ದರೆ ನಾನು ಅಲ್ಲಿಗೆ ಹಾರುವ ಮೊದಲು ಅವರು ನನ್ನ ಮೂರು ಮಹಡಿ ಮೆಟ್ಟಿಲು ಹತ್ತಬೇಕಲ್ಲ. ಯಾವಾಗ ಬರುತ್ತಾರೆ? ಬಾಗಿಲಿಗೆ ಬಣ್ಣ ಹೊಡೆಸಬೇಕು.

ಪರದೆ ಬೇಕಿದ್ದರೆ ಅಳತೆ ಕಳಿಸಬಹುದಿತ್ತು. ಹೊಲಿಯುವ ತಾಯಿ ಇರುವಾಗ ಮನೆಯ ಯಜಮಾನಿ ಯಾಕೆ ಹಾಕಿಸಬೇಕು?

ಅಮ್ಮ

*

ಮಾರ್ಚ್ 2

ಅಮ್ಮ,

ಆ ಪುಸ್ತಕ ಯಾವ ಕಾಲದ್ದೋ. ಈಗ ಪೇಟೆಯವರು ಅದನ್ನೆಲ್ಲ ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಅವನ ಅಪ್ಪನಿಗೆ ಮಂಡಿನೋವು, ನಿನ್ನ ಮೂರು ಮಹಡಿ ಅವರಿಂದ ಆಗುವುದಿಲ್ಲ. ಬಾಗಿಲಿಗೆ ಬಣ್ಣ ಹೊಡೆಸಬೇಡ. ಏಳನೆಯದನ್ನು ನಾನೇ ಎಲ್ಲೋ ಓದಿ ತಪ್ಪು ತಿಳಿದಿರಬೇಕು. ಆದರೂ ಅದನ್ನು ಪಾಲಿಸು, ನನಗೋಸ್ಕರ.

ನೀನು ಬರೀ ನಿಯಮಗಳ ಮೇಲೆ ಜಗಳ ತೆಗೆಯುತ್ತಿದ್ದೀಯ, ಅವನು ಎಂಥವನು ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ಸಂಗತಿ ಹೇಳುತ್ತೇನೆ. ಒಂದು ಸಲ ಅವನ ಕಾಫಿಗೆ ಸಕ್ಕರೆ ಬದಲು ಮೂರು ಚಮಚ ಉಪ್ಪು ಹಾಕಿ ಕೊಟ್ಟೆ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಹುಬ್ಬು ಕೂಡ ಅಲುಗಿಸದೆ ತಳದವರೆಗೆ ಕುಡಿದು, “ತುಂಬಾ ಚೆನ್ನಾಗಿದೆ” ಅಂದ. ಅವನ ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಂಥ ಹುಡುಗ. ನಿನಗೆ ಖಂಡಿತ ಹಿಡಿಸುತ್ತಾನೆ.

ಪಾಸ್‌ಪೋರ್ಟಿನ ಕೆಲಸ ಎಲ್ಲಿಗೆ ಬಂತು?

ಚೂಟಿ

*

ಮಾರ್ಚ್ 14

ಯಾರ ಅಡುಗೆಮನೆಯಲ್ಲಿ?

ಉಪ್ಪಿನ ಕಾಫಿ ನಿನ್ನ ತಲೆಯಿಂದ ಬಂದ ತಮಾಷೆಯಲ್ಲ. ಆ ಹೆಂಗಸಿನ ಪುಸ್ತಕದ ನೂರ ಹನ್ನೆರಡನೆಯ ಪುಟದಲ್ಲಿದೆ. ಹುಡುಗನ ಮನೆಯವರು ಹುಡುಗಿಯನ್ನು ಕೇಳಲು ಬಂದ ದಿನ ಹುಡುಗಿ ಎಲ್ಲರಿಗೂ ಕಾಫಿ ಮಾಡಿ ತರುತ್ತಾಳೆ, ಹುಡುಗನ ಬಟ್ಟಲಿಗೆ ಮಾತ್ರ ಉಪ್ಪು ಹಾಕುತ್ತಾಳೆ. ಅವನು ಮುಖ ಕಿವುಚದೆ ಕುಡಿದರೆ ತಾಳ್ಮೆಯವನು ಎಂದು ಹಿರಿಯರು ನಗುತ್ತಾರೆ. ನಿನ್ನ ಕಾಗದದಲ್ಲಿರುವುದೂ ಅದೇ. ಊರು ಬಿಟ್ಟು ಹೋದವರೇ ಅಲ್ಲದ ಅವನ ಅಮ್ಮ ಅಲ್ಲಿ ಹೇಗೆ ಬಂದು ಕೂತಿದ್ದಳು? ‘ಎಲ್ಲರೂ’ ಎಂದರೆ ಯಾರು ಯಾರು?

ಅಂದರೆ ಅವರು ಬಂದಾಗಿದೆ. ಕೇಳಿಯೂ ಆಗಿದೆ. ಕೊಟ್ಟೂ ಆಗಿದೆ. ಕೊಟ್ಟವರು ಯಾರು?

ನನ್ನ ಕಿವಿ ಮಂದ, ಚೂಟಿ. ಅದರ ಮೇಲೆ ಹೂವಿಡಬೇಡ.

*

ಏಪ್ರಿಲ್ 1

ಹದಿನೆಂಟು ದಿನವಾಯಿತು. ಅಂಚೆಯವನು ದಿನಾ ಮೆಟ್ಟಿಲ ಬುಡದಿಂದಲೇ ಕೈ ಆಡಿಸಿ ಹೋಗುತ್ತಾನೆ.

ಶೆಡ್ಡಿನಲ್ಲಿ ಎಲ್ಲರೂ ಟರ್ಕಿ ಟರ್ಕಿ ಎಂದು ರೇಗಿಸುತ್ತಾರೆ. “ಸುಲ್ತಾನನ ಅತ್ತೆ ಬಂದ್ರು” ಅನ್ನುತ್ತಾನೆ ಮೇಸ್ತ್ರಿ. ನಾನೂ ಹಲ್ಲು ಕಿರಿಯುತ್ತೇನೆ. ಇದನ್ನು ನೀನು ತಿಳಿದುಕೊಳ್ಳಬೇಕು.

*

ಏಪ್ರಿಲ್ 9

ಅಮ್ಮ,

ಮನೆಯ ಯಜಮಾನಿಯ ಅಡುಗೆಮನೆಯಲ್ಲಿ. ಆ ಮನೆ ಅಪ್ಪನದು. ಆಕೆ ಅಪ್ಪನ ಹೆಂಡತಿ.

ಈಗ ನೀನು ಕಾಗದ ಕೆಳಗಿಟ್ಟು ಎದ್ದು ನಿಂತಿರುತ್ತೀಯ. ಕೂತುಕೊ. ಇನ್ನೂ ಇದೆ.

ಎರಡು ವರ್ಷದ ಹಿಂದೆ ಲ್ಯಾಬಿಗೆ ಒಂದು ಮೇಲ್ದವಡೆಯ ಅಚ್ಚು ಬಂತು. ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ನಾನು ದಿನಾ ಕನ್ನಡಿಯಲ್ಲಿ ನೋಡುವ ಹಲ್ಲು ಅದು. ಚೀಟಿ ತಿರುಗಿಸಿ ಹೆಸರು ನೋಡಿದೆ. ಸತ್ತವನಿಗೆ ಹಲ್ಲು ಕಟ್ಟುವ ಕೆಲಸ ನನ್ನ ಮೇಜಿಗೆ ಬಂದಿತ್ತು, ಅಮ್ಮ.

ಅವರು ಸತ್ತರು ಎಂದು ನೀನು ಹೇಳಿದಾಗ ನನಗೆ ಒಂಬತ್ತು ವರ್ಷ. ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಹಿಂದೆ ‘ದಿವಂಗತ’ ಎಂದು ನನ್ನ ಕೈಯಲ್ಲೇ ಬರೆಸಿದೆ. ಅಕ್ಷರ ದುಂಡಗೆ ಬರಲಿ ಎಂದು ಪಕ್ಕದಲ್ಲಿ ನಿಂತು ಹೇಳಿದೆ. ಹದಿನಾರು ವರ್ಷ ನಾನು ಸತ್ತ ಅಪ್ಪನಿಗಾಗಿ ಅತ್ತಿದ್ದೇನೆ. ಅವರು ನಮ್ಮನ್ನು ಬಿಟ್ಟು ಹೋಗಿದ್ದರು, ಅಷ್ಟೇ. ಬಿಟ್ಟು ಹೋದವರನ್ನು ಬೈಯಬಹುದಿತ್ತು. ಅದನ್ನೂ ನೀನು ನನಗೆ ಉಳಿಸಲಿಲ್ಲ.

ಅವರು ಕ್ಷಮೆ ಕೇಳಿದರು, ಮಹಡಿಯ ಕೋಣೆ ಕೊಟ್ಟರು. ಹೋದೆ. ನಿನಗೆ ಹೇಳಲಿಲ್ಲ. ಕಳೆದ ನವೆಂಬರಿನಲ್ಲಿ ಅವನ ಅಪ್ಪ ಅಮ್ಮ ಇಲ್ಲಿಗೆ ಬಂದರು. ಕೇಳಲು ಅವರಿಗೆ ಒಂದು ಮನೆ ಬೇಕಿತ್ತು. ಅಪ್ಪ ಸೋಫಾದಲ್ಲಿ ಕೂತರು, ಆಕೆ ಪಕ್ಕದಲ್ಲಿ ಕೂತರು. ಅವನ ಅಮ್ಮ ಆಕೆಯ ಕೈ ಹಿಡಿದು, “ಎಂಥಾ ಮಗಳನ್ನ ಬೆಳೆಸಿದ್ದೀರಿ” ಅಂದರು. ಆಕೆ ಬಾಯಿ ತೆರೆದವರು ನನ್ನ ಕಡೆ ನೋಡಿದರು. ನಾನು ಟ್ರೇ ಹಿಡಿದು ನಿಂತಿದ್ದೆ. ‘ಇವರಲ್ಲ’ ಎಂದರೆ ಸಾಕಿತ್ತು. ಅನ್ನಲಿಲ್ಲ. ಆ ಹೊತ್ತಿನಲ್ಲಿ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಅನ್ನದೇ ಇದ್ದದ್ದು ಹಿತವಾಗಿತ್ತು.

ಆಮೇಲೆ ನೀನಿಲ್ಲದೆ ಮದುವೆಯಾಗುವುದು ನನ್ನಿಂದ ಆಗಲಿಲ್ಲ. ಅದಕ್ಕೆ ಇನ್ನೊಂದು ಸುಳ್ಳು ಹೊಂದಿಸಿದೆ. ನೀನು ನನ್ನನ್ನು ಸಾಕಿದ ಚಿಕ್ಕಮ್ಮ ಎಂದು ಹೇಳಿದ್ದೇನೆ. ಅವನಿಗೂ ಅದೇ ಗೊತ್ತಿರುವುದು. ಏಳನೆಯ ನಿಯಮ ಹುಟ್ಟಿದ್ದು ಹಾಗೆ.

ನಾಲ್ಕೇ ದಿನ, ಅಮ್ಮ. ನಾಲ್ಕು ದಿನ ಚಿಕ್ಕಮ್ಮನಾಗಿ ಬಾ. ಅವರನ್ನು ನೀನು ಹದಿನಾರು ವರ್ಷ ಸತ್ತವರನ್ನಾಗಿ ಮಾಡಿ ಇಟ್ಟಿದ್ದೆ. ನಾನು ಕೇಳುತ್ತಿರುವುದು ನಾಲ್ಕು ದಿನ.

ಚೂಟಿ

*

ಏಪ್ರಿಲ್ 24

ಚೂಟಿ,

ಮೊದಲು ನನ್ನ ಪಾಲಿನದು.

ಅವನು ಹೋದ ಮೇಲೆ ನೀನು ಬಾಗಿಲ ಹತ್ತಿರ ಕೂತೆ. ಶಾಲೆಯಿಂದ ಬಂದವಳು ಬ್ಯಾಗೂ ಇಳಿಸದೆ ಅಲ್ಲೇ ಕೂರುತ್ತಿದ್ದೆ. “ಅಪ್ಪ ಬಂದ್ಮೇಲೆ ತಿಂತೀನಿ” ಅನ್ನುತ್ತಿದ್ದೆ. ಎರಡನೇ ವಾರಕ್ಕೆ ನಿನ್ನ ಲಂಗ ಸೊಂಟದಲ್ಲಿ ನಿಲ್ಲಲಿಲ್ಲ. ಬರುವವರನ್ನು ಕಾಯುತ್ತಾರೆ, ಸತ್ತವರನ್ನು ಕಾಯುವುದಿಲ್ಲ ಎಂದುಕೊಂಡು ಒಂದು ಬೆಳಗ್ಗೆ ಹೇಳಿಬಿಟ್ಟೆ. ನೀನು ದಿನವಿಡೀ ಅತ್ತು, ಸಂಜೆ ಊಟ ಮಾಡಿದೆ. ಹದಿನೈದಾದಾಗ ನಿಜ ಹೇಳೋಣವೆಂದಿದ್ದೆ. ಹದಿನೈದಾದಾಗ ಧೈರ್ಯ ಬರಲಿಲ್ಲ, ಆಮೇಲೆ ಸೋಮಾರಿತನ, ಆಮೇಲೆ ನನಗೇ ಅದು ನಿಜವೆನಿಸತೊಡಗಿತು. ನೀನು ಬೈಯಬೇಕಾದವನನ್ನು ನಿನ್ನಿಂದ ಕಸಿದುಕೊಂಡೆ ಎಂದು ಬರೆದಿದ್ದೀಯ. ಸರಿಯಾಗಿಯೇ ಬರೆದಿದ್ದೀಯ. ಅದು ತಪ್ಪು, ನಾನು ಮಾಡಿದ್ದು.

ಈಗ ನಿನ್ನ ಪಾಲಿನದು. ಅವನನ್ನು ನಾನು ಸಾಯಿಸಿದೆ, ಒಪ್ಪುತ್ತೇನೆ. ಆದರೆ ಅವನ ಕುರ್ಚಿಯಲ್ಲಿ ಇನ್ನೊಬ್ಬನನ್ನು ತಂದು ಕೂರಿಸಿ ‘ಇವನೇ ನಿಮ್ಮಪ್ಪ’ ಅನ್ನಲಿಲ್ಲ. ಆ ಜಾಗ ಖಾಲಿ ಇತ್ತು, ಖಾಲಿ ಎಂದೇ ನಿನಗೆ ಗೊತ್ತಿತ್ತು. ನೀನು ನನ್ನನ್ನು ಸಾಯಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಉಸಿರಾಡುತ್ತಿರುವವಳನ್ನು ಎಬ್ಬಿಸಿ, ಬೇರೊಬ್ಬಳನ್ನು ಕೂರಿಸಿ, ನನಗೆ ಬದಿಯಲ್ಲಿ ಮಣೆ ಹಾಕಿದೆ. ಆಮೇಲೆ ಹನ್ನೊಂದು ಪುಟ ಬರೆದು, ಇದು ಟರ್ಕಿಯ ಸಂಸ್ಕೃತಿ, ಅರ್ಥ ಮಾಡಿಕೊಂಡು ಬಾ ಅಂದೆ. ಸುಳ್ಳು ನಿನ್ನದು, ಹೊರೆ ಆ ದೇಶದ ತಲೆಗೆ. ಪಾಪ, ಅವರು ಎಷ್ಟೊಂದು ಬಾಯಿ ತುಂಬ ಮಾತಾಡುವ ಜನ. ಅವರನ್ನು ನನ್ನೆದುರು ಮೂಕರನ್ನಾಗಿ ಮಾಡಿದೆ.

ನಿಮ್ಮಪ್ಪನ ಹೆಂಡತಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ನಿನ್ನ ಕಡೆ ನೋಡಿದಳಲ್ಲ, ಅಷ್ಟಾದರೂ ಮಾಡಿದಳು. ಅವನ ಬಗ್ಗೆ ಬರೆಯಲು ಈ ಹಾಳೆ ಸಾಲದು, ಬೇಡ.

ನಾಲ್ಕು ದಿನವಲ್ಲ, ನಾಲ್ಕು ನಿಮಿಷವೂ ನಾನು ನಿನಗೆ ಚಿಕ್ಕಮ್ಮನಲ್ಲ. ಟಿಕೆಟ್ ಇದರ ಜೊತೆಗಿದೆ. ಪಾಸ್‌ಪೋರ್ಟ್ ಕೈಗೆ ಬಂದು ತಿಂಗಳಾಯಿತು. ನಿನಗೆ ಆಶ್ಚರ್ಯವಾಗಲಿ ಎಂದು ಹೇಳಿರಲಿಲ್ಲ.

ಅಮ್ಮ

*

ಮೇ 6

ಅಮ್ಮ,

ಹೇಳಿಬಿಟ್ಟೆ. ಮೊದಲು ಅವನಿಗೆ. ಅವನು ಕೈಲಿದ್ದ ಹಲ್ಲನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ, ಒಂದು ಗಂಟೆ ಬಿಟ್ಟು ಬಂದ. “ನಮ್ಮಮ್ಮನಿಗೆ ನೀನೇ ಹೇಳ್ಬೇಕು, ನಾನು ಹೇಳಲ್ಲ” ಅಂದ. ಅದೇ ಸಂಜೆ ಫೋನು ಮಾಡಿದೆವು. ನಾನು ಹೇಳುತ್ತಾ ಹೋದೆ, ಅವನು ಅವರ ಭಾಷೆಗೆ ದಾಟಿಸುತ್ತಾ ಹೋದ.

ಅವನ ಅಮ್ಮ ಕೊನೆಯವರೆಗೂ ಕೇಳಿದರು. ಆಮೇಲೆ ಶುರುವಾಯಿತು. ಅವನು ಅರ್ಧವನ್ನೇ ಅನುವಾದಿಸಿದ. “ನನ್ನ ಮಗನ್ನ ತಪ್ಪು ಮನೇಲಿ ಕೂರಿಸಿ ಉಪ್ಪು ಕುಡಿಸಿದ್ರಾ? ನಾನು ಯಾರದೋ ಕೈ ಹಿಡಿದು ಕಣ್ಣೀರು ಹಾಕಿದ್ನಾ? ಹೆತ್ತು ಬೆಳೆಸಿದವಳು ಅಲ್ಲಿ ಬದುಕಿರುವಾಗ?” ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮದುವೆ ಮುರಿಯಿತು ಎಂದೇ ತಿಳಿದೆ.

ಮೂರನೇ ದಿನ ಅವರೇ ಫೋನು ಮಾಡಿದರು. ಆ ನವೆಂಬರಿನದು ಲೆಕ್ಕಕ್ಕಿಲ್ಲವಂತೆ. ಕೇಳಬೇಕಾದವರನ್ನು ಕೇಳದೆ ಮುಂದಕ್ಕೆ ಹೆಜ್ಜೆ ಇಡುವುದಿಲ್ಲವಂತೆ. ಅವನ ಅಪ್ಪನ ಮಂಡಿಯ ಮಾತೆತ್ತಿದೆ. “ಮೆಟ್ಟಿಲ ಮೇಲೆ ಕೂತು ಕೂತು ಹತ್ತಲಿ” ಅಂದರು. ಜೂನ್ ಮೊದಲ ಭಾನುವಾರ ಬರುತ್ತಾರೆ, ಮೂರು ಜನ.

ಅಪ್ಪನಿಗೆ ಹೇಳಿದೆ. ಮನೆಯ ಯಜಮಾನಿ ಬಾಗಿಲಿಗೆ ಒರಗಿ, “ಅವತ್ತೇ ಹೇಳ್ಬೇಕಿತ್ತು, ನಾನೂ ಹೇಳ್ಬೇಕಿತ್ತು” ಅಂದರು.

ಬಾಗಿಲಲ್ಲಿ ಕೂತದ್ದು ನನಗೆ ನೆನಪಿರಲಿಲ್ಲ, ಅಮ್ಮ. ಊಟ ಬಿಟ್ಟದ್ದೂ ನೆನಪಿರಲಿಲ್ಲ. ಸಿಟ್ಟು ಪೂರ್ತಿ ಹೋಗಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ನಾನೂ ಬರಲಾ?

ಚೂಟಿ

*

ಮೇ 15

ಚೂಟಿ,

ಬರದೆ ಮತ್ತೆ? ಕೇಳಿಸಿಕೊಳ್ಳುವ ಹುಡುಗಿ ಇಲ್ಲದೆ ಯಾರನ್ನು ಕೇಳುತ್ತಾರೆ? ಶನಿವಾರವೇ ಬಂದುಬಿಡು.

ಸಿಟ್ಟು ಇಟ್ಟುಕೋ. ನನ್ನದೂ ಇದೆ. ಎದುರಾಬದುರು ಕೂತು ಬೈದಾಡೋಣ, ಕಾಗದದಲ್ಲಿ ಅದಕ್ಕೆ ರುಚಿಯಿಲ್ಲ.

ಆ ಹೆಂಗಸಿನ ಪುಸ್ತಕದಲ್ಲಿ ಮುಂದಿನ ಪುಟವನ್ನೂ ಓದಿದ್ದೇನೆ. ಹುಡುಗನ ಕಡೆಯವರು ಕೇಳಿದ ಮೇಲೆ ಹುಡುಗಿಯ ಹಿರಿಯರು, ‘ಮಕ್ಕಳು ಒಪ್ಪಿದ್ದಾರೆ, ಇನ್ನು ನಾವು ಹೇಳುವುದೇನಿದೆ’ ಅನ್ನುವುದು ಪದ್ಧತಿಯಂತೆ. ನವೆಂಬರಿನಲ್ಲಿ ನಿಮ್ಮಪ್ಪ ಹಾಗೇ ಅಂದಿರುತ್ತಾನೆ. ಅವನಿಗೆ ಹೇಳಲು ಏನಿತ್ತು?

ನನಗಿದೆ. ಅವರು ಕೂತು, ಉಸಿರು ಸುಧಾರಿಸಿಕೊಂಡ ಮೇಲೆ, ಬದುಕಿದ್ದವನನ್ನು ಸತ್ತನೆಂದು ಒಂಬತ್ತು ವರ್ಷದ ಮಗುವಿಗೆ ಹೇಳಿದವಳು ನಾನು ಎಂದು ಮೊದಲು ಹೇಳುತ್ತೇನೆ. ಆ ಮಗು ಬೆಳೆದು ತಾಯಿಯನ್ನು ಚಿಕ್ಕಮ್ಮ ಮಾಡಿತು, ಅದಕ್ಕೆ ಸುಳ್ಳು ಕಲಿಸಿದವಳು ನಾನೇ ಎಂದೂ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಂತು ಒಂದು ಮಾತೂ ಬಿಡದೆ ದಾಟಿಸಬೇಕು, ಮೃದು ಮಾಡಬಾರದು. ಆ ಹುಡುಗನಿಗೂ ಹೇಳು, ಅವನೂ ಬಿಡಬಾರದು. ಅವರು ಬರುವುದು ಎಂಥ ಮನೆಗೆ ಎಂದು ಅವರಿಗೆ ಗೊತ್ತಿರಬೇಕು.

ಅದೆಲ್ಲ ಕೇಳಿಯೂ ಅವರು ಎದ್ದು ಹೋಗದೆ ನಿನ್ನನ್ನು ಕೇಳಿದರೆ, ಕೊಡುತ್ತೇನೆ. ಕೊಡುವವಳು ನಾನು.

ಅಮ್ಮ